ಪುಣೆಯ ಕಾರ್ಖಾನೆಯಲ್ಲಿ ಕನ್ನಡದವರ ಜೊತೆ ಕನ್ನಡ ಮಾತಾಡಬಹುದಾ? ಮರಾಠಿ ಬೇಕೇಬೇಕಾ?

ಮುಂದಿನ ತಿಂಗಳು ಪುಣೆ ಹತ್ತಿರದ ಚಾಕಣ್‌ನ ಒಂದು ಕಾರ್ಖಾನೆಗೆ ಸೇರುತ್ತಿದ್ದೀರಿ. ಇಂಗ್ಲಿಷ್ ಬರುತ್ತದೆ, ಹಿಂದಿ ಅಷ್ಟಕ್ಕಷ್ಟೇ, ಟೀಮಿನಲ್ಲಿ ಮೂರ್ನಾಲ್ಕು ಜನ ಕನ್ನಡದವರಿದ್ದಾರೆ, ಅವರ ಜೊತೆ ಕನ್ನಡ ಮಾತಾಡಿದರೆ ತಪ್ಪಾಗುತ್ತಾ, ಮರಾಠಿ ಕಲಿಯಲೇಬೇಕಾ ಅಂತ ಕೇಳಿದ್ದೀರಿ. ನಾನು ದಾವಣಗೆರೆ ಕಡೆಯವನು, ಪುಣೆಯಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಕನ್ನಡ ಧಾರಾಳವಾಗಿ ಮಾತಾಡಿ. ಮರಾಠಿಯನ್ನೂ ಕಲಿಯಿರಿ, ಆದರೆ ಮ್ಯಾನೇಜರ್‌ಗೋಸ್ಕರ ಅಲ್ಲ, ಮಷಿನ್ ಮುಂದೆ ನಿಲ್ಲುವವರಿಗೋಸ್ಕರ.

ಮ್ಯಾನೇಜರ್ ಜೊತೆ ಹೇಗೋ ನಡೆಯುತ್ತದೆ. ಮೇಲ್, ರಿಪೋರ್ಟ್, ಡ್ರಾಯಿಂಗ್ ಎಲ್ಲ ಇಂಗ್ಲಿಷ್. ಮೀಟಿಂಗ್ ಇಂಗ್ಲಿಷ್‌ನಲ್ಲಿ ಶುರುವಾಗಿ ಸ್ವಲ್ಪ ಹೊತ್ತಿಗೆ ಹಿಂದಿಗೆ ಬರುತ್ತದೆ, ತಪ್ಪು ಯಾರದು ಅನ್ನೋ ಮಾತು ಬಂತೋ, ಮರಾಠಿಗೆ ಹೊರಳುತ್ತದೆ. ಆಗ "ಸರ್, ಇದೊಂದನ್ನ ಹಿಂದಿಯಲ್ಲಿ ಹೇಳಿ" ಅಂತ ಕೇಳಿಬಿಡಿ. ನಾನು ಕಂಡ ಮಟ್ಟಿಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಸುಮ್ನೆ ತಲೆಯಾಡಿಸಿಕೊಂಡು ಕೂತರೆ ಕಷ್ಟ, ಯಾಕೆಂದರೆ ಯಾವ ಕೆಲಸ ಯಾರ ತಲೆಗೆ ಅನ್ನೋದು ತೀರ್ಮಾನ ಆಗೋದೇ ಆ ಹೊತ್ತಿನಲ್ಲಿ.

ನಿಜವಾದ ವಿಷಯ ಇರೋದು ಕೆಳಗೆ, ಮಷಿನ್‌ಗಳು ನಡೆಯುವ ಶಾಪ್ ಫ್ಲೋರ್‌ನಲ್ಲಿ. ಒಮ್ಮೆ ಶಿಫ್ಟ್ ಬದಲಾಗುವ ಹೊತ್ತಿಗೆ ಹೊಸ ಇಂಜಿನಿಯರ್ ಒಬ್ಬ ಬಂದು ಹಳೆಯ ಆಪರೇಟರ್ ಒಬ್ಬರನ್ನು ಹಿಂದಿಯಲ್ಲಿ "ಸಬ್ ಠೀಕ್?" ಅಂದ. ಅವರು "ಠೀಕ್ ಹೈ ಸಾಹೇಬ್" ಅಂದರು. ಇವನು ಶೀಟ್ ಮೇಲೆ ಟಿಕ್ ಹಾಕಿ ಹೋದ. ಎರಡನೇ ಶಿಫ್ಟಿನ ಆಪರೇಟರ್ ಬಂದ ಮೇಲೆ ಅದೇ ಮನುಷ್ಯ ಮರಾಠಿಯಲ್ಲಿ ಶುರು ಮಾಡಿದರು ನೋಡಿ. ಬೆಳಗ್ಗೆಯಿಂದ ಕೂಲಂಟ್ (ಟೂಲ್ ತಣ್ಣಗಿಡುವ ದ್ರವ) ಸಣ್ಣಗೆ ಬರ್ತಿದೆ, ಲೋಡ್ ಬಿದ್ದಾಗ ಸ್ಪಿಂಡಲ್ (ಮಷಿನ್‌ನ ತಿರುಗುವ ದಂಡ) ಸದ್ದು ಮಾಡ್ತಿದೆ, ಈ ಟೂಲ್ ಮೇಲೆ ನಂಬಿಕೆ ಇಡಬೇಡ, ಬೋರ್ (ಪೀಸ್‌ನಲ್ಲಿ ಕೊರೆದ ತೂತು) ಆಗಾಗ ಅಳೆದು ನೋಡ್ತಿರು. ಕ್ವಾಲಿಟಿಯವರಿಗೆ ಬೇಕಾದದ್ದು ಪೂರ್ತಿ ಅದರಲ್ಲೇ ಇತ್ತು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮಷಿನ್ ಕಷ್ಟ ಹೇಳೋಕೆ ಅವರಿಗೆ ಹಿಂದಿಯಲ್ಲಿ ಬಾಯಿ ಬರೋದಿಲ್ಲ, ಅಷ್ಟೇ. ನೀವು ತಪ್ಪುತಪ್ಪಾಗಿಯಾದರೂ "ಮಷೀನ್ ಕಾಹೀ ತ್ರಾಸ್ ದೇತೇಯ್ ಕಾ?" (ಮಷಿನ್ ಏನಾದರೂ ತೊಂದರೆ ಕೊಡ್ತಿದೆಯಾ?) ಅಂತ ಕೇಳಿ, ಆಮೇಲೆ ಎಷ್ಟು ಹೇಳ್ತಾರೆ ನೋಡಿ. ಗಂಡು ಹೆಣ್ಣಿನ ಪ್ರಕಾರ ಕ್ರಿಯಾಪದ ಬದಲಾಗುವಲ್ಲಿ ನಮ್ಮವರು ಎಡವುತ್ತಾರೆ. ಅದನ್ನು ಯಾರೂ ಲೆಕ್ಕಕ್ಕೆ ಇಡೋದಿಲ್ಲ. ಹಾಗಂತ ಹಿಂದಿ ಬೇಡ ಅಂತಲ್ಲ. ಬಿಹಾರ, ಒಡಿಶಾದಿಂದ ಬಂದ ಕಾಂಟ್ರ್ಯಾಕ್ಟ್ ಹುಡುಗರ ಜೊತೆ ಅದೇ ಬೇಕು.

ಒಂದು ಕಡೆ ಮಾತ್ರ ಅರೆಬರೆ ಮರಾಠಿ ನಂಬಬೇಡಿ, ಅಂಕಿಗಳಲ್ಲಿ. ನಮ್ಮಲ್ಲಿ ನಲವತ್ತು ಮೊದಲು ಬರುತ್ತದೆ, ಐದು ಆಮೇಲೆ. ಮರಾಠಿಯಲ್ಲಿ ಅದು ತಿರುಗಿ 45 ಅನ್ನೋದು "ಪಂಚೇಚಾಳೀಸ್" ಆಗುತ್ತದೆ. 59ಕ್ಕೆ "ಏಕೋಣಸಾಠ್", ಪ್ರೆಸ್ ಮಷಿನ್ ಸದ್ದಿನ ನಡುವೆ ಕೊನೆಯ "ಸಾಠ್" ಒಂದೇ ಕಿವಿಗೆ ಬಿದ್ದರೆ ನೀವು 60 ಬರೆದುಕೊಳ್ಳುತ್ತೀರಿ. ಬಿನ್‌ನಲ್ಲಿರುವ (ಡಬ್ಬದಲ್ಲಿರುವ) ಪೀಸ್ ಎಣಿಸುವಾಗ "ದೀಡಶೇ" ಅಂದರೆ 150, "ಅಡೀಚಶೇ" ಅಂದರೆ 250. ಅಳತೆ ಇರಲಿ, ಎಣಿಕೆ ಇರಲಿ, ಚೀಟಿ ಮೇಲೆ ಅಂಕಿಯಲ್ಲಿ ಬರೆಸಿಕೊಳ್ಳಿ. ಆಗದಿದ್ದರೆ ಕೇಳಿದ್ದನ್ನು ಇಂಗ್ಲಿಷ್‌ನಲ್ಲಿ ಒಂದೊಂದೇ ಅಂಕಿಯಾಗಿ ತಿರುಗಿ ಹೇಳಿ.

ಇನ್ನು ಕರೆಯುವ ರೀತಿ. ವಯಸ್ಸಾದ ಸೆಕ್ಯುರಿಟಿಯವರು "ಕಾಕಾ", ಕ್ಲೀನಿಂಗ್ ಮಾಡುವ ಹಿರಿಯ ಹೆಂಗಸರು "ಮಾವಶಿ", ನಿಮಗಿಂತ ಸ್ವಲ್ಪ ದೊಡ್ಡವರು ಗಂಡಸಾದರೆ "ದಾದಾ", ಹೆಂಗಸಾದರೆ "ತಾಈ", ಅಂದರೆ ಅಕ್ಕ. ಹುಡುಗರ ಜೊತೆ ಕಲಿತ "ತೂ" ಅನ್ನು ಇವರ ಮುಂದೆ ಬಳಸಬೇಡಿ, "ತುಮ್ಹೀ" ಅನ್ನಿ. ನಮ್ಮ ನೀನು-ನೀವು ಥರವೇ, ಅಲ್ವಾ? ನಿಮ್ಮನ್ನು ಯಾರಾದರೂ "ಅಣ್ಣಾ" ಅಂತ ಕರೆಯಬಹುದು, ದಕ್ಷಿಣದವರೆಲ್ಲ ಇಲ್ಲಿ ಕೆಲವರಿಗೆ ಅಣ್ಣಾನೇ. ಇಷ್ಟವಾಗದಿದ್ದರೆ ನಗುತ್ತಲೇ ಹೆಸರು ಹೇಳಿ, ಎರಡು ಸಲ ಹೇಳಿದರೆ ಸಾಕು.

ಕನ್ನಡದ ವಿಷಯಕ್ಕೆ ಬರುತ್ತೇನೆ. ಊಟದ ಟೇಬಲ್, ಬಸ್ಸು, ಚಹಾ ಗಾಡಿ, ಎಲ್ಲ ಕಡೆ ಮಾತಾಡಿ, ದನಿ ತಗ್ಗಿಸೋದೂ ಬೇಡ. ಕಲಬುರಗಿ, ವಿಜಯಪುರ ಕಡೆಯಿಂದ ಕೂಲಿಗೆ ಬಂದವರು ಪುಣೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಒಬ್ಬ ಸಾಹೇಬ ತಮ್ಮ ಮಾತಿನಲ್ಲಿ "ಊಟ ಆಯ್ತೇನ್ರೀ" ಅಂದರೆ ಅವರ ಮುಖ ಹೇಗೆ ಅರಳುತ್ತದೆ ಅನ್ನೋದನ್ನ ನೀವೇ ನೋಡಬೇಕು. ಆದರೆ ಒಬ್ಬರು ಮಾಡಿದ ಪೀಸ್ ಕೈಯಲ್ಲಿ ಹಿಡಿದು, ಅವರ ಮುಂದೆಯೇ ಇಬ್ಬರು ಕನ್ನಡದಲ್ಲಿ ಮಾತಾಡೋದು ಸರಿಯಲ್ಲ. ತನ್ನ ಮೇಲೇ ಏನೋ ಹೇಳುತ್ತಿದ್ದಾರೆ ಅಂತ ಅವರಿಗೆ ಅನ್ನಿಸುತ್ತದೆ, ಅದು ಸಹಜ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಗಡಿ ವಿಷಯ ಬಿಸಿಯಾಗಿ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದಾಗಲೂ ನಮ್ಮ ಲೈನಿನಲ್ಲಿ ಎರಡೂ ಕಡೆಯವರು ಒಟ್ಟಿಗೇ ಕೆಲಸ ಮಾಡಿದರು. ದಿನವೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿದ್ದದ್ದೇ ಅದಕ್ಕೆ ಕಾರಣ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಕೊನೆಗೆ ಸುರಕ್ಷತೆ. 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿ, ಕಾಯ್ದೆಯ ಪ್ರಕಾರ ಹಾಕುವ ನೋಟಿಸ್‌ಗಳು ಇಂಗ್ಲಿಷ್‌ನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಅಂತ ಬರೆದಿಟ್ಟಿದ್ದರು. ಚಾಕಣ್‌ನಲ್ಲಿ ಆ ಭಾಷೆ ಸಾಮಾನ್ಯವಾಗಿ ಮರಾಠಿಯೇ. ಬೋರ್ಡನ್ನು ನೀವು ಇಂಗ್ಲಿಷ್‌ನಲ್ಲಿ ಓದಿಕೊಳ್ಳಬಹುದು. ಕೂಗನ್ನು ಓದೋಕಾಗಲ್ಲ. ಅಪಾಯ ಬಂದಾಗ ಜನ ತಮ್ಮ ಭಾಷೆಯಲ್ಲೇ ಕೂಗುತ್ತಾರೆ. "ಥಾಂಬ್" ಅಂದರೆ ನಿಲ್ಲು, "ಹಾತ್ ಕಾಢ್" ಅಂದರೆ ಕೈ ತೆಗಿ, "ಬಾಜೂಲಾ ಹೋ" ಅಂದರೆ ಪಕ್ಕಕ್ಕೆ ಸರಿ, "ವರ್ ಬಘ್" ಅಂದರೆ ಮೇಲೆ ನೋಡು, ಅಂದರೆ ಕ್ರೇನ್ ಬರ್ತಿದೆ ಅಂತ. ನಮಸ್ಕಾರ, ಧನ್ಯವಾದ ಎಲ್ಲ ಆಮೇಲೆ ಕಲಿತರೂ ನಡೆಯುತ್ತದೆ, ಈ ನಾಲ್ಕನ್ನು ಸೇರುವ ಮೊದಲೇ ಬಾಯಿಪಾಠ ಮಾಡಿಕೊಳ್ಳಿ. ಮೊದಲ ದಿನವೇ ಲೈನ್ ಲೀಡರ್‌ನನ್ನು ಹಿಡಿದು ನಿಮ್ಮ ಲೈನಿನಲ್ಲಿ ಇನ್ನೇನೇನು ಕೂಗುತ್ತಾರೆ ಅಂತ ಕೇಳಿ ಬರೆದುಕೊಳ್ಳಿ.