ಐದು ಪತ್ರ, ನಾಲ್ಕು ಜಾಗ

ಪ್ರಶ್ನೆ: ಮೇಡಂ, ಎಂಬಿಬಿಎಸ್ ಮುಗಿಸಿ ಮೂರು ವರ್ಷವಾಯಿತು. ಈ ಸೆಪ್ಟೆಂಬರಿನಲ್ಲಿ ಅಮೆರಿಕದ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ, ಅಂದರೆ ಎಂಬಿಬಿಎಸ್ ನಂತರದ ಆಸ್ಪತ್ರೆ ತರಬೇತಿಗೆ, ಅರ್ಜಿ ಹಾಕುತ್ತಿದ್ದೇನೆ. ಶಿಫಾರಸು ಪತ್ರಕ್ಕೆ ಐದು ಜನ ಒಪ್ಪಿದ್ದಾರೆ. ನಾನು ಅಬ್ಸರ್ವರ್‌ಶಿಪ್ ಮಾಡಿದ ದೊಡ್ಡ ಆಸ್ಪತ್ರೆಯ ವಿಭಾಗದ ಮುಖ್ಯಸ್ಥರು. ಇನ್ನೊಂದು ಆಸ್ಪತ್ರೆಯಲ್ಲಿ ನಾಲ್ಕು ವಾರ ವಾರ್ಡಿನಲ್ಲಿ ಕೆಲಸ ಮಾಡಿಸಿದ ಕಿರಿಯ ಅಟೆಂಡಿಂಗ್ (ತರಬೇತಿ ಮುಗಿಸಿ ರೋಗಿಗಳ ಹೊಣೆ ಹೊತ್ತ) ವೈದ್ಯೆ. ನಮ್ಮ ಕಾಲೇಜಿನ ಮೆಡಿಸಿನ್ ಪ್ರಾಧ್ಯಾಪಕರು. ಎಂಟು ತಿಂಗಳು ಜೊತೆಗಿದ್ದ ಸಂಶೋಧಕರು. ಸರ್ಜರಿಗೆ ಹೋಗಬೇಕೆಂದಿದ್ದ ಕಾಲದಲ್ಲಿ ನನಗಾಗಿ ಪತ್ರ ಬರೆದಿಟ್ಟ ಸರ್ಜನ್. ಒಂದು ಕಡೆಗೆ ನಾಲ್ಕಕ್ಕಿಂತ ಹೆಚ್ಚು ಕಳಿಸುವಂತಿಲ್ಲ. ಯಾರನ್ನು ಬಿಡಲಿ? ಪ್ರಾಧ್ಯಾಪಕರು ಬೇರೆ, ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುತ್ತಿದ್ದಾರೆ.
— ಹೆಸರು ಬೇಡವೆಂದ ಓದುಗ

ಉತ್ತರ: ಮುಖ್ಯಸ್ಥರನ್ನು ಬಿಡಿ.

ನಿಮಗೆ ಬೇಡವಾಗಿದ್ದ ಉತ್ತರ ಇದೇ ಎಂದು ನನಗೆ ಗೊತ್ತು. ನಿಮ್ಮ ಮೂಲ ಪತ್ರದಲ್ಲಿ ಉಳಿದ ನಾಲ್ವರಿಗೆ ಒಂದೊಂದು ಸಾಲು, ಅವರೊಬ್ಬರಿಗೆ ಅರ್ಧ ಪುಟ ಕೊಟ್ಟಿದ್ದೀರಿ, ಅವರ ಪ್ರಕಟಣೆಗಳ ಲೆಕ್ಕ ಸಮೇತ. ಆದರೆ ಅವರ ಜೊತೆ ನೀವು ಓಡಾಡಿದ್ದು ಎರಡೇ ರೌಂಡ್ಸ್, ಅದೂ ಹಿಂದಿನ ಸಾಲಿನಲ್ಲಿ ನಿಂತು. ಅಬ್ಸರ್ವರ್‌ಶಿಪ್‌ನಲ್ಲಿ ರೋಗಿಯನ್ನು ಮುಟ್ಟುವಂತಿಲ್ಲ, ಕೇಸ್ ಶೀಟಿನಲ್ಲಿ ಬರೆಯುವಂತಿಲ್ಲ. ನೋಡಿದ್ದು ನೀವು, ಅವರು ನಿಮ್ಮನ್ನು ನೋಡಲಿಲ್ಲ. ಅವರಾದರೂ ಏನು ಬರೆದಾರು? ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ನಗುಮುಖದವರು, ಆಸಕ್ತಿಯುಳ್ಳವರು. ಮೂರು ಸಾಲಿನ ಕೆಳಗೆ ದೊಡ್ಡ ಸಹಿ.

ಇಂಥ ಸಹಿಯನ್ನು ನಂಬಿ ನಾನೂ ಕೆಟ್ಟಿದ್ದೇನೆ. ನಾನು ಅರ್ಜಿ ಹಾಕಿದ ವರ್ಷ ವಿಭಾಗದ ಮುಖ್ಯಸ್ಥರೊಬ್ಬರ ಪತ್ರವನ್ನು ಎಲ್ಲ ಕಡೆಗೂ ಕಳಿಸಿದೆ. ಸಂದರ್ಶನವೊಂದರಲ್ಲಿ ಎದುರಿಗಿದ್ದವರು ಹಾಳೆ ತಿರುಗಿಸುತ್ತ, ‘ಎರಡನೇ ಪ್ಯಾರಾದಿಂದ ನೀವು ಗಂಡಸಾಗಿಬಿಟ್ಟಿದ್ದೀರಲ್ಲ’ ಎಂದರು. ಯಾವುದೋ ಹುಡುಗನಿಗೆ ಬರೆದದ್ದನ್ನು ತಿದ್ದುವಾಗ ಅರ್ಧಕ್ಕೇ ನಿಲ್ಲಿಸಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿ ನನಗೆ ಸೀಟು ಸಿಗಲಿಲ್ಲ.

ಆಮೇಲೆ 11 ವರ್ಷ ಆಯ್ಕೆ ಸಮಿತಿಯಲ್ಲಿ ನಾನೇ ಕುಳಿತೆ. ಡ್ಯೂಟಿ ಮುಗಿಸಿ ಬಂದು ರಾತ್ರಿ ಓದುವ ಅರ್ಜಿಗಳಲ್ಲಿ ಹೊಗಳಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಎಲ್ಲರೂ ಶ್ರಮಜೀವಿಗಳು, ಎಲ್ಲರೂ ಸಜ್ಜನರು. ಒಂದು ಪತ್ರ ಮಾತ್ರ ಇಂದಿಗೂ ನೆನಪಿದೆ. ಮಧುಮೇಹದ ಅಜ್ಜಿಯೊಬ್ಬರು ಸಕ್ಕರೆ ಅಂಶ ಕುಸಿದು ಮೇಲಿಂದ ಮೇಲೆ ದಾಖಲಾಗುತ್ತಿದ್ದರು. ಸರಿಯಾಗಿ ಊಟ ಮಾಡುವುದಿಲ್ಲ ಎಂದು ಎಲ್ಲರೂ ಬರೆದು ಕೈತೊಳೆದುಕೊಂಡಿದ್ದರು. ಈ ಹುಡುಗಿ ಅಜ್ಜಿಯ ಮಗನಿಗೆ ಹೇಳಿ ಮನೆಯಲ್ಲಿದ್ದ ಮಾತ್ರೆ ಡಬ್ಬಿಗಳನ್ನೆಲ್ಲ ತರಿಸಿ ಹಾಸಿಗೆಯ ಮೇಲೆ ಸಾಲಾಗಿ ಇಟ್ಟಳು. ಒಂದರ ಮೇಲೆ ಗ್ಲಿಪಿಜೈಡ್, ಇನ್ನೊಂದರ ಮೇಲೆ ಗ್ಲುಕೊಟ್ರಾಲ್. ಎರಡೂ ಒಂದೇ ಔಷಧ, ಒಂದು ಅದರ ಮೂಲ ಹೆಸರು, ಇನ್ನೊಂದು ಕಂಪನಿ ಇಟ್ಟದ್ದು. ಅಜ್ಜಿ ನಿಷ್ಠೆಯಿಂದ ಎರಡನ್ನೂ ನುಂಗುತ್ತಿದ್ದರು. ಪತ್ರ ಬರೆದವರು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಅಟೆಂಡಿಂಗ್. ಅವರ ಹೆಸರನ್ನು ಸಮಿತಿಯಲ್ಲಿ ಯಾರೂ ಕೇಳಿರಲಿಲ್ಲ. ಹುಡುಗಿಯನ್ನು ಮಾತ್ರ ಚರ್ಚೆಯಿಲ್ಲದೆ ಸಂದರ್ಶನಕ್ಕೆ ಕರೆದೆವು.

ಆದ್ದರಿಂದ ನಿಮ್ಮ ಕಿರಿಯ ವೈದ್ಯೆಯ ಪತ್ರವೇ ಮೊದಲನೆಯದು. ಕೇಳುವಾಗ ‘ಪತ್ರ ಕೊಡುತ್ತೀರಾ’ ಎನ್ನಬೇಡಿ, ‘ನನ್ನ ಬಗ್ಗೆ ಬಲವಾದ ಪತ್ರ ಬರೆಯುವಷ್ಟು ನನ್ನ ಕೆಲಸ ನೋಡಿದ್ದೀರಾ’ ಎಂದು ಕೇಳಿ. ಯಾರಾದರೂ ತಡವರಿಸಿದರೆ ಧನ್ಯವಾದ ಹೇಳಿ ಅಲ್ಲಿಗೇ ನಿಲ್ಲಿಸಿ. ಪತ್ರದೊಳಗೆ ಏನಿದೆ ಎಂದು ಊಹಿಸಲು ನಿಮಗೆ ಸಿಗುವುದು ಆ ತಡವರಿಕೆಯೊಂದೇ. ಏಕೆಂದರೆ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ರೆಸಿಡೆನ್ಸಿ ಅರ್ಜಿಗಳ ಆನ್‌ಲೈನ್ ವ್ಯವಸ್ಥೆಯಾದ ಇರಾಸ್ ಕೇಳುತ್ತದೆ, ನೀವು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟಿದ್ದೀರೋ ಇಲ್ಲವೋ ಎಂಬುದು ಓದುವವರಿಗೂ ತಿಳಿಯುತ್ತದೆ. ಅಭ್ಯರ್ಥಿ ಓದಬಹುದಾದ ಪತ್ರವನ್ನು ನಾನಂತೂ ಅರ್ಧ ನಂಬಿಕೆಯಿಂದಲೇ ಓದುತ್ತಿದ್ದೆ.

ಈಗ ಪ್ರಾಧ್ಯಾಪಕರ ವಿಷಯ. ನೋಡುವುದಿಲ್ಲ ಎಂದು ಒಪ್ಪಿಕೊಂಡ ಪತ್ರವನ್ನು ನೀವೇ ಬರೆಯುವುದು ಹೇಗೆ? ನೀತಿಯ ಮಾತು ಒಂದು ಕಡೆ ಇರಲಿ, ಅದು ಸಿಕ್ಕಿಬೀಳುತ್ತದೆ. ಅರ್ಜಿಯಲ್ಲಿ ನಿಮ್ಮ ಬಗ್ಗೆ ನೀವೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿರುವ ಅದೇ ವಾಕ್ಯಸರಣಿ, ಅದೇ ಅಲ್ಪವಿರಾಮದ ಚಟ ಪ್ರಾಧ್ಯಾಪಕರ ಬಾಯಲ್ಲೂ ಬಂದರೆ ಓದುವವರಿಗೆ ಹೊಳೆಯದೇ ಇರುತ್ತದೆಯೇ? ಅವರಿಗೆ ಪತ್ರ ಬರೆದುಕೊಡಬೇಡಿ, ಒಂದು ಪುಟ ಟಿಪ್ಪಣಿ ಕೊಡಿ: ಯಾವ ತಿಂಗಳು ಅವರ ಯೂನಿಟ್‌ನಲ್ಲಿದ್ದಿರಿ, ಯಾವ ಕೇಸ್ ಮಂಡಿಸಿದಿರಿ, ಎಲ್ಲಿ ತಪ್ಪಿದಿರಿ, ಅವರು ಹೇಗೆ ತಿದ್ದಿದರು. ತಪ್ಪಿದ್ದನ್ನು ಮರೆಯದೆ ಬರೆಯಿರಿ; ಮೇಷ್ಟ್ರುಗಳಿಗೆ ಶಿಷ್ಯನನ್ನು ತಿದ್ದಿದ್ದು ಚೆನ್ನಾಗಿ ನೆನಪಿರುತ್ತದೆ. ಲೆಟರ್‌ಹೆಡ್ ಮೇಲೆ ಸಹಿ ಮಾಡಿ ಅವರೇ ಅಪ್‌ಲೋಡ್ ಮಾಡಬೇಕು. ನೀವು ಕೊಡಬೇಕಾದದ್ದು ಇರಾಸ್‌ನಿಂದ ತೆಗೆದ ಕೋರಿಕೆ ನಮೂನೆಯನ್ನು ಮಾತ್ರ.

ಸಂಶೋಧಕರ ಪತ್ರವನ್ನು ವಿಶ್ವವಿದ್ಯಾಲಯದ ಆಸ್ಪತ್ರೆಗಳಿಗೆ ಖಂಡಿತ ಕಳಿಸಿ. ಉಳಿದ ಕಡೆ ಅದು ಅಷ್ಟು ಕೆಲಸಕ್ಕೆ ಬರುವುದಿಲ್ಲ. ಯಾವ ಪತ್ರ ಎಲ್ಲಿಗೆ ಎಂದು ಬೇರೆ ಬೇರೆಯಾಗಿ ಹೊಂದಿಸಲು ಅವಕಾಶವಿದೆ, ಬಳಸಿಕೊಳ್ಳಿ. ನಿಮ್ಮ ವ್ಯಾಸಂಗದ ಬಗ್ಗೆ ಕಾಲೇಜಿನ ಡೀನ್ ಕಚೇರಿ ಕಳಿಸುವ ಎಂಎಸ್‌ಪಿಇ ಪತ್ರ ಈ ನಾಲ್ಕರ ಲೆಕ್ಕದಲ್ಲಿ ಇಲ್ಲ, ಅದಕ್ಕಾಗಿ ಜಾಗ ಬಿಡಬೇಡಿ.

ಸರ್ಜನ್ ಪತ್ರವೇ ನನಗೆ ಅನುಮಾನ. ‘ಮುಂದೆ ಒಳ್ಳೆಯ ಸರ್ಜನ್ ಆಗುತ್ತಾನೆ’ ಎಂಬ ಒಂದು ಸಾಲು ಅದರಲ್ಲಿದ್ದರೆ ಮೆಡಿಸಿನ್‌ನವರು ನಿಮ್ಮನ್ನು ಮನಸ್ಸು ಗಟ್ಟಿಯಿಲ್ಲದವನು ಎಂದುಕೊಳ್ಳುತ್ತಾರೆ. ಮನಸ್ಸು ಬದಲಾಯಿತೆಂದು ಅವರಿಗೆ ನೇರವಾಗಿ ಹೇಳಿ, ಹೊಸದಾಗಿ ಬರೆಯಲು ಕೇಳಿ. ಮುನಿಸಿಕೊಂಡರೆ ಮೂರೇ ಪತ್ರ ಸಾಕು, ಎಷ್ಟೋ ಕಡೆ ಕೇಳುವುದೇ ಅಷ್ಟು. ಒಮ್ಮೆ ಅರ್ಜಿಯ ಜೊತೆ ಹೋದ ಪತ್ರವನ್ನು ವಾಪಸು ಪಡೆಯಲಾಗುವುದಿಲ್ಲ, ಖಾಲಿ ಬಿಟ್ಟ ಜಾಗಕ್ಕೆ ಆಮೇಲೂ ಸೇರಿಸಬಹುದು. ಅಕ್ಟೋಬರಿನಲ್ಲಿ ಇನ್ನೊಂದು ವಾರ್ಡಿನ ಕೆಲಸ ಗೊತ್ತಾಗಿದೆ ಎಂದು ಬರೆದಿದ್ದೀರಲ್ಲ, ಆ ಜಾಗವನ್ನು ಅಲ್ಲಿನವರಿಗೆ ಇಟ್ಟುಕೊಳ್ಳಿ.