ಟೀಚರ್‌ಗೂ ಆಟಿಸಂ ಇದ್ದರೆ?

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು: 12 ವರ್ಷದ ಮಗನಿಗೆ ಆಟಿಸಂ (ಸದ್ದು, ಬೆಳಕು, ಜನರ ಒಡನಾಟ ಇವನ್ನೆಲ್ಲ ಮಿದುಳು ಬೇರೆ ರೀತಿ ಗ್ರಹಿಸುವ ಹುಟ್ಟು ಸ್ವಭಾವ) ಇದೆ, ಜೊತೆಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ಸಮಸ್ಯೆ). ಪಾಠ ಹೇಳಿಕೊಡಲು ವಾರಕ್ಕೆ ಎರಡು ದಿನ ಒಬ್ಬ ಟೀಚರ್ ಬರುತ್ತಾರೆ. ಮೊದಲ ದಿನವೇ ಅವರು 'ನನಗೂ ಆಟಿಸಂ ಇದೆ, 30ನೇ ವಯಸ್ಸಿನಲ್ಲಿ ಗೊತ್ತಾಯಿತು' ಅಂದರು. ಟ್ಯೂಬ್‌ಲೈಟ್ ಬೇಡ, ಫೋನ್ ಮಾಡುವ ಬದಲು ಮೆಸೇಜ್ ಹಾಕಿ ಅಂತಲೂ ಕೇಳಿದರು. 'ತನ್ನದೇ ನೂರೆಂಟು ಇರುವವರು ನನ್ನ ಮಗನನ್ನು ಏನು ದಡ ಮುಟ್ಟಿಸುತ್ತಾರೆ?' ಅಂತ ಕೇಳಿದ್ದೀರಿ.

ಪ್ರಶ್ನೆ ಸ್ವಲ್ಪ ಒರಟಾಗಿದೆ. ಆದರೆ ಅದರ ಹಿಂದೆ ತಾಯಿಯ ಭಯ ಇದೆ, ಗೊತ್ತಾಗುತ್ತದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಡಿಸಬೇಡಿ. ಒಂದು ಮೂರು ತಿಂಗಳಾದರೂ ನೋಡಿ.

ಆಟಿಸಂ ಇರುವ ಇನ್ನೊಬ್ಬ ಟೀಚರ್, ಆಟಿಸಂ ಇರುವ ಒಬ್ಬ ಹುಡುಗನಿಗೆ ಪಾಠ ಮಾಡುವಾಗ ಒಮ್ಮೆ ನಾನು ಮೂಲೆಯಲ್ಲಿ ಕೂತಿದ್ದೆ. ಹುಡುಗನ ಮುಂದೆ ಖಾಲಿ ಹಾಳೆ. 'ರಜೆಯಲ್ಲಿ ಏನು ಮಾಡಿದೆ, ಬರೆ' ಅನ್ನೋದು ಹೋಂವರ್ಕ್. ಹತ್ತು ನಿಮಿಷ ಸುಮ್ನೆ ಪೆನ್ಸಿಲ್ ತಿರುಗಿಸುತ್ತಾ ಕೂತಿದ್ದ. ನಾನಾಗಿದ್ದರೆ 'ಬೇಗ ಬರಿ ಮರಿ' ಅಂತ ಗದರಿರುತ್ತಿದ್ದೆ. ಟೀಚರ್ ಎದ್ದು ಲೈಟ್ ಆರಿಸಿದರು. 'ಇದು ಗುಂಯ್ ಅನ್ನುತ್ತೆ, ನನಗೂ ತಲೆ ಚಿಟ್ಟು ಹಿಡಿಯುತ್ತೆ' ಅಂದರು. ಆ ಸದ್ದು ಅಲ್ಲಿಯತನಕ ನನ್ನ ಕಿವಿಗೆ ಬಿದ್ದೇ ಇರಲಿಲ್ಲ! ಆಮೇಲೆ ಹುಡುಗನ ಕಡೆ ತಿರುಗಿ, 'ರಜೆ ಅಂದ್ರೆ ಎಷ್ಟೊಂದು ದಿನ. ಯಾವ ದಿನದ್ದು ಬರೀಬೇಕು ಅಂತ ಹೇಳೇ ಇಲ್ಲ, ಅಲ್ವಾ?' ಅಂದರು. ಹುಡುಗ ತಟ್ಟನೆ ತಲೆ ಎತ್ತಿದ. ಇಬ್ಬರೂ ಸೇರಿ ಒಂದು ದಿನ ಆರಿಸಿದರು. ಆ ದಿನದ ಮೂರು ಸಂಗತಿಗಳನ್ನು ಬೆರಳಲ್ಲಿ ಎಣಿಸಿದರು. ಪೆನ್ಸಿಲ್ ಓಡತೊಡಗಿತು.

ನಾನು ಸೋಮಾರಿತನ ಅಂದುಕೊಂಡಿದ್ದೆ. ಅವನಿಗೆ ಬರೆಯುವುದು ಕಷ್ಟವಾಗಿರಲಿಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಕಗ್ಗಂಟಾಗಿತ್ತು. ಟೀಚರ್ ಚಿಕ್ಕವರಿದ್ದಾಗ ಇಂಥದ್ದೇ ಹಾಳೆಯ ಮುಂದೆ ಕೂತು ಬೈಸಿಕೊಂಡವರು. ಅದಕ್ಕೇ ಅವರಿಗೆ ಗಂಟು ಎಲ್ಲಿದೆ ಅಂತ ಗೊತ್ತಿತ್ತು.

ಹಾಗಂತ ಆಟಿಸಂ ಇರುವವರೆಲ್ಲ ಒಬ್ಬರನ್ನೊಬ್ಬರು ನೋಡಿದ ಕೂಡಲೇ ಅರ್ಥ ಮಾಡಿಕೊಳ್ಳುತ್ತಾರೆ ಅಂತಲ್ಲ. ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ 2012ರಲ್ಲಿ ಒಂದು ಮಾತು ಹೇಳಿದರು. ಅವರಿಗೂ ಆಟಿಸಂ ಇದೆ. ಆಟಿಸಂ ಇರುವವರು ಉಳಿದವರನ್ನು ಅರ್ಥ ಮಾಡಿಕೊಳ್ಳುವುದಿಲ್ಲ ಅಂತ ದೂರುತ್ತೇವಲ್ಲ, ಉಳಿದವರೂ ಅವರನ್ನು ಅಷ್ಟೇ ಕಡಿಮೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ. 2020ರಲ್ಲಿ ಕೆಲವು ಸಂಶೋಧಕರು ದೊಡ್ಡವರನ್ನು ಎಂಟೆಂಟು ಜನರ ಸಾಲು ಮಾಡಿ, ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಿ ನೋಡಿದರು. ಆಟಿಸಂ ಇರುವವರದೇ ಸಾಲಿನಲ್ಲಿ ಕಥೆ ಉಳಿದವರ ಸಾಲಿನಷ್ಟೇ ಚೆನ್ನಾಗಿ ದಾಟಿತು, ಬೆರೆತ ಸಾಲಿನಲ್ಲಿ ಜಾಸ್ತಿ ಸೋರಿಹೋಯಿತು. ಆದರೆ 2025ರಲ್ಲಿ ಇನ್ನೂ ಹೆಚ್ಚು ಜನರನ್ನು ಸೇರಿಸಿ ಮಾಡಿದಾಗ ಬೆರೆತ ಸಾಲಿನಲ್ಲೂ ಆ ಸೋರಿಕೆ ಕಾಣಲಿಲ್ಲ. ಎರಡೂ ಸಲ ಒಂದು ಮಾತ್ರ ಬದಲಾಗಲಿಲ್ಲ: ಆಟಿಸಂ ಇರುವವರು ವಿಷಯ ದಾಟಿಸುವುದರಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ನಿಮ್ಮ ಪ್ರಶ್ನೆಗೆ ಬೇಕಿದ್ದದ್ದು ಅದೇ ಅಲ್ವಾ?

'30 ವರ್ಷಕ್ಕೆ ಗೊತ್ತಾಯಿತಂತೆ, ನಂಬಬಹುದಾ?' ಅಂತಲೂ ಕೇಳಿದ್ದೀರಿ. ನಂಬಬಹುದು. ಚಿಕ್ಕವರಿದ್ದಾಗ ಆಟಿಸಂ, ಅದರಲ್ಲೂ ಹುಡುಗಿಯರದು, ಯಾರ ಕಣ್ಣಿಗೂ ಬೀಳದೆ ಹೋಗುವುದು ಮಾಮೂಲು. ವೈದ್ಯರ ನಿಯಮಗಳೂ ಬದಲಾಗಿವೆ: ಅಮೆರಿಕದ ಮನೋವೈದ್ಯರ ಕೈಪಿಡಿ 2013ರವರೆಗೆ ಒಬ್ಬರಿಗೇ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇವೆ ಅಂತ ಹೇಳಲು ಒಪ್ಪುತ್ತಿರಲಿಲ್ಲ. ನಿಮ್ಮ ಮಗ ಒಂದಿಷ್ಟು ವರ್ಷ ಮುಂಚೆ ಹುಟ್ಟಿದ್ದರೆ ಅವನ ಫೈಲಿನಲ್ಲಿ ಎರಡರಲ್ಲಿ ಒಂದೇ ಹೆಸರು ಇರುತ್ತಿತ್ತೇನೋ.

ಇನ್ನು ನಿಜವಾದ ತೊಂದರೆಯ ಮಾತು. ಇಬ್ಬರಿಗೂ ಆಟಿಸಂ ಇದ್ದ ಮಾತ್ರಕ್ಕೆ ಇಬ್ಬರ ಅಗತ್ಯ ಒಂದೇ ಆಗಬೇಕಿಲ್ಲ. ನಾನು ನೋಡಿದ ಆ ಹುಡುಗ ಬರೆಯುತ್ತಾ ಬರೆಯುತ್ತಾ ಎಡಗೈಯಿಂದ ಮೇಜು ಬಡಿಯಲು ಶುರು ಮಾಡಿದ. ಟೀಚರ್ ಮುಖ ಹಿಂಡಿಕೊಂಡರು. 'ನಿನಗೆ ಬಡೀದೆ ಇರೋಕೆ ಆಗಲ್ಲ, ನನಗೆ ಈ ಸದ್ದು ತಡೆಯೋಕೆ ಆಗಲ್ಲ. ಏನು ಮಾಡೋಣ?' ಅಂದರು. ಅವನೇ ಎದ್ದು ಹೋಗಿ ಒಂದು ಟವೆಲ್ ತಂದ, ಮಡಚಿ ಮೇಜಿನ ಮೇಲಿಟ್ಟ, ಮತ್ತೆ ಬಡಿಯತೊಡಗಿದ. ಯಾರೂ ಯಾರಿಗೂ ಸಾರಿ ಹೇಳಲಿಲ್ಲ.

ಬರವಣಿಗೆಗಿಂತ ಇದೇ ದೊಡ್ಡ ಪಾಠ ಅಂತ ನನಗನ್ನಿಸಿತು. ಇಂಥ ಎಷ್ಟೋ ಮಕ್ಕಳು ಶಾಲೆಯಲ್ಲಿ ಇಡೀ ದಿನ ಎಲ್ಲವನ್ನೂ ಅದುಮಿಟ್ಟುಕೊಂಡಿದ್ದು, ಮನೆಗೆ ಬಂದ ಮೇಲೆ ಸಿಡಿಯುತ್ತಾರೆ. ನಿಮ್ಮ ಟೀಚರ್ ಲೈಟ್ ಬೇಡ ಅಂದಾಗ ನಿಮಗೆ ಕಿರಿಕಿರಿಯಾಯಿತು, ಸರಿ. ಆದರೆ ಪಕ್ಕದಲ್ಲಿ ನಿಮ್ಮ ಮಗನೂ ಇದ್ದನಲ್ಲ. ದೊಡ್ಡವರೊಬ್ಬರು ನಾಚಿಕೆಪಡದೆ ತಮಗೆ ಬೇಕಾದ್ದನ್ನು ಕೇಳಿ ಪಡೆಯುವುದನ್ನು ಅವನು ಬೇರೆ ಎಲ್ಲಿ ನೋಡಿದ್ದಾನೆ?

ಆಟಿಸಂ ಇದೆ ಅನ್ನೋದೇ ಟೀಚರ್‌ಗೆ ಅರ್ಹತೆ ಅಲ್ಲ. 'ನನಗೆ ಹೀಗೆ ಮಾಡಿ ಸರಿಹೋಯಿತು, ನಿಮ್ಮ ಮಗನಿಗೂ ಸರಿಹೋಗುತ್ತೆ' ಅಂತ ಪದೇ ಪದೇ ಹೇಳುತ್ತಿದ್ದರೆ ಅನುಮಾನಪಡಿ. ಒಂದು ಉಪಾಯ ಕೈಕೊಟ್ಟಾಗ ಏನು ಮಾಡುತ್ತಾರೆ, ನೋಡಿ. ತುಂಬಾ ದಣಿದ ದಿನ ಪಾಠ ಹೇಗೆ ಅಂತ ಕೇಳಿ. ಬೇರೆ ಯಾವ ಟೀಚರ್ ಬಗ್ಗೆ ಏನೇನು ವಿಚಾರಿಸುತ್ತಿದ್ದಿರೋ ಅದನ್ನೆಲ್ಲ ಇವರ ಬಗ್ಗೆಯೂ ವಿಚಾರಿಸಿ. ಅದರಲ್ಲಿ ದಾಕ್ಷಿಣ್ಯ ಬೇಡ.

ಕೊನೆಗೆ, ನೆಂಟರು ಕೇಳಿದರೆ ಟೀಚರ್‌ಗೆ ಆಟಿಸಂ ಇದೆ ಅಂತ ಹೇಳಬಹುದಾ ಅಂದಿದ್ದೀರಿ. ಅದು ಅವರ ವಿಷಯ, ಅವರನ್ನೇ ಕೇಳಿ. ಮೆಸೇಜ್‌ನಲ್ಲಿ.