ಗೌರಿ ಹೂವಿನ ಲೇಖನ ಕಳಿಸಿದವರಿಗೆ

ನಮಸ್ಕಾರ. ಗೌರಿ ಹೂವಿನ ಬಳ್ಳಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ, ಹನ್ನೆರಡು ಫೋಟೋಗಳನ್ನೂ ನೋಡಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮ್ಮ ಕಣ್ಣು ಚೆನ್ನಾಗಿದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

'ಬೀಜದಿಂದ ಬೀಜದವರೆಗೆ' ಎಂದು ತಲೆಬರಹ ಕೊಟ್ಟಿದ್ದೀರಿ. ಒಂಬತ್ತು ಫೋಟೋ ಬರೀ ಅರಳಿದ ಹೂವಿನವು. ಕಾಯಿ ಎಲ್ಲಿ? ಅದು ಒಣಗಿ ಬಿರಿದಾಗ ಒಳಗೆ ಸಾಲಾಗಿ ಕೂತಿರುವ ಕೆಂಪು ಬೀಜ ಹೂವಿಗಿಂತ ಏನೂ ಕಮ್ಮಿಯಿಲ್ಲ. ಆಮೇಲೆ ಬಳ್ಳಿ ಪೂರ್ತಿ ಒಣಗುತ್ತದೆ. ಬೇಸಿಗೆಯಲ್ಲಿ ಅಲ್ಲೊಂದು ಗಿಡ ಇತ್ತು ಅಂತಲೇ ಗೊತ್ತಾಗುವುದಿಲ್ಲ, ಗೆಡ್ಡೆ ಮಾತ್ರ ಮಣ್ಣೊಳಗೆ ಜೀವ ಹಿಡಿದಿರುತ್ತದೆ. ಆ ಖಾಲಿ ನೆಲದ ಫೋಟೋನೂ ನನಗೆ ಬೇಕು.

ಹೂವುಗಳೂ ಬೇರೆ ಬೇರೆ ಬಳ್ಳಿಯವು. ಈ ಹೂವು ದಿನ ಕಳೆದಂತೆ ಬಣ್ಣ ಬದಲಿಸುತ್ತದೆ: ಮೊದಲು ಹಸಿರು ಬೆರೆತ ಹಳದಿ, ಆಮೇಲೆ ತುದಿ ಕೆಂಪು ಬುಡ ಹಳದಿ, ಕೊನೆಗೆ ಪೂರ್ತಿ ಕೆಂಪು. ಪಕ್ಕದ ಪೊದೆಗೆ ಗುರುತಿಗೆ ದಾರ ಕಟ್ಟಿ, ಒಂದೇ ಹೂವಿನ ಫೋಟೋವನ್ನು ಒಂದೇ ಕಡೆ ನಿಂತು ದಿನಾ ತೆಗೆಯಿರಿ. ಕಂಪ್ಯೂಟರಿನಲ್ಲಿ ಬಣ್ಣ ಜಾಸ್ತಿ ಮಾಡಬೇಡಿ. ಮಾಡಿದರೆ ಈ ಬದಲಾವಣೆಯೇ ಕಾಣುವುದಿಲ್ಲ.

ಐದನೇ ಫೋಟೋ ನನಗೆ ತುಂಬಾ ಇಷ್ಟವಾಯಿತು. ಎಲೆಯ ತುದಿ ಸುರುಳಿಯಾಗಿ ಲಂಟಾನದ ಕಡ್ಡಿಯನ್ನು ಬಿಗಿಯಾಗಿ ಹಿಡಿದಿದೆ. ಈ ಬಳ್ಳಿ ಮೇಲೆ ಹತ್ತುವುದೇ ಹಾಗೆ, ಅಲ್ವಾ? ಲೇಖನದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ, 'ಪ್ರಕೃತಿಯ ಸೊಬಗು' ಮಾತ್ರ ನಾಲ್ಕು ಸಲ ಇದೆ. ಆ ಮಾತನ್ನು ಕೈಬಿಡಿ. ಹೂವು ತಲೆಕೆಳಗಾಗಿ ತೂಗುತ್ತದೆ, ಎಸಳುಗಳು ಮೇಲಕ್ಕೆ ಮಡಚುತ್ತವೆ, ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಉದ್ದನೆಯ ಕಡ್ಡಿ, ಬುಡದಲ್ಲೇ ಪಕ್ಕಕ್ಕೆ ಬಾಗಿರುತ್ತದೆ. ಚಿಟ್ಟೆ ಬಂದಾಗ ಅದರ ರೆಕ್ಕೆ ಎಲ್ಲೆಲ್ಲಿ ತಾಗುತ್ತದೆ ಅಂತ ಕಾದು ನೋಡಿ, ಅದನ್ನು ಬರೆಯಿರಿ.

ಗೆಡ್ಡೆಯ ಮನೆಮದ್ದಿನ ಭಾಗವನ್ನಂತೂ ನಾವು ಹಾಕುವುದೇ ಇಲ್ಲ. ಇಡೀ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ, ಗೆಡ್ಡೆಯಲ್ಲೂ ಬೀಜದಲ್ಲೂ ಜಾಸ್ತಿ. ಗೆಣಸು ಎಂದುಕೊಂಡು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಫೋಟೋಗೆ ಅಂತ ಗೆಡ್ಡೆ ಅಗೆಯಲೂ ಬೇಡಿ. ಔಷಧಿಗಾಗಿ ಕಿತ್ತು ಕಿತ್ತು ಎಷ್ಟೋ ಕಡೆ ಈ ಬಳ್ಳಿ ಕಮ್ಮಿಯಾಗಿದೆ.

ಬೀಜದಿಂದ ಹುಟ್ಟಿದ ಗಿಡ ಹೂ ಬಿಡಲು ಕೆಲವು ವರ್ಷ ಬೇಕು. ಹಾಗಾಗಿ ತಲೆಬರಹ 'ಮೊಳಕೆಯಿಂದ ಬೀಜದವರೆಗೆ' ಎಂದಿರಲಿ. ಮಳೆ ನಿಂತ ಮೇಲೆ ಅದೇ ಬಳ್ಳಿಯ ಹತ್ತಿರ ಹೋಗಿ ಕಾಯಿಯ ಫೋಟೋ ತೆಗೆಯಿರಿ, ಮುಂದಿನ ಮುಂಗಾರಿಗೆ ಗೆಡ್ಡೆಯಿಂದ ಬರುವ ಮೊಳಕೆಯದು. ಪ್ರತಿ ಫೋಟೋಗೂ ತಾರೀಕು ಬರೆದು ಕಳಿಸಿ. ಗೌರಿ ಹಬ್ಬದ ಹೊತ್ತಿಗೆ ನಾಲ್ಕು ಪುಟ ಎತ್ತಿಡುತ್ತೇನೆ.